ಮೊದಲು ಸರಕು, ಆಮೇಲೆ ಜನ

ಕೇಳುಗರಿಗೆ ನಮಸ್ಕಾರ. ರೈಲ್ವೆ ಮ್ಯೂಸಿಯಂ ಎಂದರೆ ನಮ್ಮವರಿಗೆ ಎಂಜಿನ್. ಮೈಸೂರಿಗೆ ಹೋಗಿ, ಎಂಜಿನ್ ಹತ್ತಿ ಫೋಟೊ ತೆಗೆಸಿಕೊಂಡರೆ ಮ್ಯೂಸಿಯಂ ನೋಡಿದಂತಾಯಿತು. ಇರಲಿ. ಇವತ್ತು ಹೇಳಲಿರುವ ಜಾಗದಲ್ಲಿ ನೋಡಬೇಕಾದ್ದು ಕಟ್ಟಡವನ್ನು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಎಲಿಕಾಟ್ ಸಿಟಿ ಸ್ಟೇಷನ್ ಅದು. 1830-31ರಲ್ಲಿ ಕಟ್ಟಿದ್ದು. ಆ ದೇಶದಲ್ಲಿ ಉಳಿದುಬಂದಿರುವ ರೈಲು ನಿಲ್ದಾಣಗಳಲ್ಲೆಲ್ಲ ಹಳೆಯದು, ಈಗ ಊರಿನ ಮ್ಯೂಸಿಯಂ.

ಒಂದೇ ಮಾತು ನೆನಪಿಟ್ಟುಕೊಳ್ಳಿ: ಇಲ್ಲಿ ಮೊದಲು ಸರಕು, ಆಮೇಲೆ ಜನ. ಪಟಾಪ್ಸ್ಕೊ ನದಿಯ ದಡದಲ್ಲಿ ಎಲಿಕಾಟ್ ಸಹೋದರರು 1772ರಲ್ಲೇ ಹಿಟ್ಟಿನ ಗಿರಣಿ ಹಾಕಿದ್ದರು. ಗೋಧಿಹಿಟ್ಟು ಹೋಗುತ್ತಿದ್ದದ್ದು ಮರದ ಪೀಪಾಯಿಗಳಲ್ಲಿ. ಒಂದೊಂದರಲ್ಲೂ 196 ಪೌಂಡ್, ಅಂದರೆ ಸುಮಾರು 89 ಕಿಲೊ ಹಿಟ್ಟು. ಅದನ್ನು ಗಾಡಿಯಲ್ಲಿ ಬಂದರು ನಗರ ಬಾಲ್ಟಿಮೋರ್‌ಗೆ ಸಾಗಿಸುವುದು ಹುಡುಗಾಟವಲ್ಲ. ಬಾಲ್ಟಿಮೋರ್ ಅಂಡ್ ಓಹಿಯೊ ಎಂಬ ರೈಲು ಕಂಪನಿ ಮೊದಲ 13 ಮೈಲಿ ಹಳಿಯನ್ನು ಗಿರಣಿಯೂರಿಗೇ ತಂದು ಮುಟ್ಟಿಸಿತು.

ನಿಲ್ದಾಣ ಇಳಿಜಾರಿನ ಮೇಲಿದೆ. ಗೋಡೆ ಅಲ್ಲಿಯದೇ ಗ್ರಾನೈಟ್. ಕೆಳ ಅಂತಸ್ತು ಬೀದಿಯ ಮಟ್ಟಕ್ಕೆ, ಮೇಲಿನದು ಹಳಿಯ ಮಟ್ಟಕ್ಕೆ. ಗಾಡಿ ಕೆಳಗೆ, ವ್ಯಾಗನ್ ಮೇಲೆ, ನಡುವೆ ಗೋದಾಮು. ಪ್ರಯಾಣಿಕರಿಗೆ? ಏನೂ ಇಲ್ಲ! ಹತ್ತಿರದ ಹೋಟೆಲಿನಲ್ಲಿ ಟಿಕೆಟ್ ಕೊಂಡು ಅಲ್ಲೇ ಕಾಯಬೇಕಿತ್ತು. ಇಲ್ಲಿ ಅವರಿಗೆಂದು ಕೋಣೆಗಳಾದದ್ದು 1850ರ ದಶಕದಲ್ಲಿ.

ಆದರೆ ಇಲ್ಲಿಗೆ ಬಂದವರಿಗೆಲ್ಲ ಕುದುರೆಯ ಕಥೆಯೇ ಬೇಕು. ಹೇಳಿಬಿಡುತ್ತೇನೆ, ಸೊಗಸಾದ ಕಥೆಯೇ. 1830ರ ಮೇ ತಿಂಗಳಲ್ಲಿ ಈ ದಾರಿ ಶುರುವಾದಾಗ ಡಬ್ಬಿ ಎಳೆಯುತ್ತಿದ್ದದ್ದು ಕುದುರೆ. ಪೀಟರ್ ಕೂಪರ್ ಎಂಬ ಉದ್ಯಮಿ ಒಂದು ಪುಟ್ಟ ಎಂಜಿನ್ ಮಾಡಿದ. ಹೆಸರು ಟಾಮ್ ಥಂಬ್, ತೂಕ ಸುಮಾರು ಒಂದು ಟನ್. ಬಾಯ್ಲರ್ ನೆಟ್ಟಗೆ ನಿಲ್ಲಿಸಿದ್ದು, ಒಳಗಿನ ಕೊಳವೆಗಳು ಬಂದೂಕಿನ ನಳಿಗೆಗಳು! ಬೆಂಕಿ ಚುರುಕಾಗಲು ಒಂದು ಫ್ಯಾನ್. ಅದನ್ನು ತಿರುಗಿಸುವುದು ಎಂಜಿನ್ನಿನ ಚಕ್ರಕ್ಕೆ ಹಾಕಿದ ಬೆಲ್ಟ್. ಬೆಲ್ಟಿನ ಮೇಲೆ ಗಮನವಿರಲಿ. ಆಗಸ್ಟಿನಲ್ಲಿ ಕೂಪರ್ ಜನರನ್ನು ಕೂರಿಸಿಕೊಂಡು ಎಲಿಕಾಟ್ ಗಿರಣಿಯವರೆಗೆ ಬಂದ. ವಾಪಸು ಹೋಗುವಾಗ ಪಕ್ಕದ ಹಳಿಯಲ್ಲಿ ಬೂದು ಕುದುರೆ ಕಟ್ಟಿದ ಡಬ್ಬಿ ಸಿದ್ಧವಾಗಿತ್ತು. ಪಂದ್ಯ! ಮೊದಲು ಕುದುರೆಯೇ ಮುಂದೆ. ಕಾರಣ ಸರಳ: ಚಕ್ರ ಉರುಳದೆ ಫ್ಯಾನ್ ತಿರುಗದು, ಫ್ಯಾನ್ ತಿರುಗದೆ ಉಗಿ ಏರದು. ಉಗಿ ಏರಿತು, ಸೇಫ್ಟಿ ವಾಲ್ವ್ ಬುಸುಗುಟ್ಟಿತು, ಎಂಜಿನ್ ಕುದುರೆಯನ್ನು ದಾಟಿತು. ಆಗ ಬೆಲ್ಟ್ ಕಳಚಿಕೊಂಡಿತು. ಗಾಳಿ ನಿಂತಿತು, ಬೆಂಕಿ ಮಂಕಾಯಿತು, ಉಗಿ ಇಳಿಯಿತು. ಓಡಿಸುವವನೂ ಬೆಂಕಿ ನೋಡುವವನೂ ಕೂಪರನೇ. ಬೆಲ್ಟ್ ಕೂರಿಸಲು ಹೋಗಿ ಕೈಯೆಲ್ಲ ಗಾಯ ಮಾಡಿಕೊಂಡ. ಅಷ್ಟರಲ್ಲಿ ಕುದುರೆ ಕೈಗೆ ಸಿಗದಷ್ಟು ದೂರ ಹೋಗಿತ್ತು. ಇದನ್ನು ಬರೆದಿಟ್ಟವರು ಕಂಪನಿಯ ವಕೀಲ ಲಟ್ರೋಬ್, ಎಷ್ಟೋ ವರ್ಷಗಳ ಮೇಲೆ.

ಗೆದ್ದ ಕುದುರೆಗೆ ಕೆಲಸ ಉಳಿಯಲಿಲ್ಲ ಅನ್ನಿ. ಮರುವರ್ಷವೇ ಕಂಪನಿ ಒಳ್ಳೆಯ ಎಂಜಿನ್ನಿಗೆ 4,000 ಡಾಲರ್ ಬಹುಮಾನ ಸಾರಿತು. ಎಂಜಿನ್ ಎಳೆಯಬೇಕಾದ್ದು ಯಾರನ್ನು? ಪಂದ್ಯ ನೋಡುವವರನ್ನಲ್ಲ, ಹಿಟ್ಟಿನ ಪೀಪಾಯಿಗಳನ್ನು.

ಸಮಯ ಓಡುತ್ತಿದೆ, ಹಳಿಯ ವಿಷಯ ಚುಟುಕಾಗಿ. ಆಗಿನದು ಇಡೀ ಉಕ್ಕಿನ ಹಳಿಯಲ್ಲ. ಉದ್ದನೆಯ ಕಲ್ಲು ಅಥವಾ ಮರದ ತೊಲೆ, ಅದರ ಮೇಲೆ ತೆಳು ಕಬ್ಬಿಣದ ಪಟ್ಟಿ. ಮೊಳೆ ಸಡಿಲವಾದರೆ ಪಟ್ಟಿಯ ತುದಿ ಮೇಲಕ್ಕೆ ಸುರುಳಿಯೇಳುತ್ತಿತ್ತು, ಡಬ್ಬಿಯ ನೆಲವನ್ನೇ ತೂರಿ ಬರುತ್ತಿತ್ತು. ಕಲ್ಲಿಗೆ ಬೇರೆ ತೊಂದರೆ: ಚಳಿಗಾಲದಲ್ಲಿ ಕೆಳಗಿನ ಮಣ್ಣು ಹೆಪ್ಪುಗಟ್ಟಿ ಉಬ್ಬಿದರೆ ಅದು ಜಾಗ ಬಿಡುತ್ತಿತ್ತು.

ಮತ್ತೆ ನನ್ನ ಮಾತಿಗೇ ಬರುತ್ತೇನೆ. ಪ್ರಯಾಣಿಕರ ರೈಲು ಇಲ್ಲಿ 1949ಕ್ಕೆ ನಿಂತಿತು. ನಿಲ್ದಾಣದಲ್ಲಿ ಸರಕು ಏರಿಸಿ ಇಳಿಸುವ ಕೆಲಸ ಇನ್ನೂ ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ನಡೆದು, 1972ರ ಆಗ್ನೆಸ್ ಚಂಡಮಾರುತದ ನೆರೆಯೊಂದಿಗೆ ಮುಗಿಯಿತು. ಆಮೇಲೆ ಮ್ಯೂಸಿಯಂ. 2016 ಮತ್ತು 2018ರ ಪ್ರವಾಹಗಳು ಪಕ್ಕದ ಮೇನ್ ಸ್ಟ್ರೀಟನ್ನು ಧ್ವಂಸ ಮಾಡಿದವು, ಈ ಕಲ್ಲಿನ ಕಟ್ಟಡ ನಿಂತಿದೆ.

ಮಕ್ಕಳನ್ನು ನೋಡಲು ಬಾಲ್ಟಿಮೋರ್ ಕಡೆ ಹೋಗುವವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಯಾವ ದಿನ ತೆರೆದಿರುತ್ತದೆ ಎಂದು ವಿಚಾರಿಸಿಕೊಂಡು ಹೊರಡಿ. ಒಳಗೆ ಹೋಗುವ ಮುನ್ನ ಬೀದಿಯಲ್ಲಿ ನಿಂತು ಅಂತಸ್ತು ಎಣಿಸಿ, ಆಮೇಲೆ ಹಳಿಯ ಮಗ್ಗುಲಿಂದ ಎಣಿಸಿ. ಒಂದು ಕಡಿಮೆ ಬರುತ್ತದೆ. ಹಳಿಯಿಂದ ಮಾತ್ರ ದೂರವಿರಿ. ಅಲ್ಲಿ ಗೂಡ್ಸ್ ರೈಲು ಈಗಲೂ ಓಡುತ್ತದೆ.