ಹುಟ್ಟಿನ ಹುಟ್ಟು

ಕೇಳುಗರೇ, ನಮಸ್ಕಾರ.

ಶಾಲೆಯ ಭೂಗೋಳ ಪುಸ್ತಕದಲ್ಲಿ ನಾವೆಲ್ಲ ಓದಿದ ಪದ ‘ತುಂಡ್ರಾ’. ರಷ್ಯನ್ ಭಾಷೆಯ ಮೂಲಕ ಜಗತ್ತಿಗೆ ಹಬ್ಬಿದ ಈ ಪದವನ್ನು ರಷ್ಯನ್ನರು ಪಡೆದದ್ದು ತಮ್ಮ ದೇಶದ ವಾಯವ್ಯ ಮೂಲೆಯಲ್ಲಿರುವ ಕೋಲಾ ಪರ್ಯಾಯ ದ್ವೀಪದ ಸಾಮಿ ಜನರಿಂದ. ಮರಗಳಿಲ್ಲದ ಎತ್ತರದ ನೆಲಕ್ಕೆ ಅವರಿಟ್ಟ ಹೆಸರು ಅದು. ನಮಗೇ ತಿಳಿಯದೆ ಒಂದು ಸಾಮಿ ಪದವನ್ನು ನಾವು ಬಾಯಿಪಾಠ ಮಾಡಿದ್ದೇವೆ.

ಸಾಮಿ ಎಂದರೆ ಒಂದು ಭಾಷೆಯಲ್ಲ. ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳ ಉತ್ತರ ಭಾಗ ಮತ್ತು ರಷ್ಯಾದ ಆ ಮೂಲೆಯಲ್ಲಿ ಹರಡಿರುವ ಹಲವು ಸೋದರ ಭಾಷೆಗಳವು. ನಾನು ಇಂದು ಹೇಳುವ ಪದಗಳು ಅವುಗಳಲ್ಲಿ ಹೆಚ್ಚು ಜನ ಆಡುವ ಉತ್ತರ ಸಾಮಿಯವು.

ಮೀನಿಗೆ ಅಲ್ಲಿ ‘ಗುವೊಲ್ಲಿ’. ಫಿನ್ನಿಷ್‌ನಲ್ಲಿ ‘ಕಲ’, ದೂರದ ಹಂಗೇರಿಯಲ್ಲಿ ‘ಹಲ್’. ಮೂರೂ ಉರಾಲಿಕ್ ಎಂಬ ಒಂದೇ ಮನೆತನದ ಕುಡಿಗಳು. ಕಣ್ಣು, ಕೈ, ಹೆಸರು ಮುಂತಾದವೂ ಹೀಗೆಯೇ ಹಿರಿಯರಿಂದ ಬಂದ ಆಸ್ತಿ.

ಇನ್ನು ನೆರೆಯವರಿಂದ ಬಂದವು. ದೋಣಿಯ ಹುಟ್ಟಿಗೆ ಸಾಮಿಯಲ್ಲಿ ‘ಆಯ್ರು’. ಇಂದಿನ ನಾರ್ವೆಯ ಮಾತಿನಲ್ಲಿ ಅದು ‘ಓರೆ’. ಮೂಲ ಒಂದೇ, ಆದರೆ ಕೊಟ್ಟವರ ಮನೆಯಲ್ಲಿ ‘ಆಯ್’ ಎಂಬ ದನಿ ಸವೆದುಹೋಯಿತು. ಪಡೆದವರು ಅದನ್ನು ಸುಮಾರು ಒಂದೂವರೆ ಸಾವಿರ ವರ್ಷ ಜೋಪಾನ ಮಾಡಿದರು. ಸಾಲ ತಂದದ್ದನ್ನು ಇಷ್ಟು ಜತನದಿಂದ ಕಾಯ್ದ ಭಾಷೆಯನ್ನು ಬಡ ಭಾಷೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಕೆಲವು ಪದಗಳು ಬಂದ ಮೇಲೆ ಕಸುಬು ಬದಲಿಸಿದವು. ಫಿನ್ನರ ‘ಹ್ಯಾರ್ಕ್ಯಾ’ ಎಂದರೆ ಎತ್ತು. ಅದೇ ಪದ ಸಾಮಿಯಲ್ಲಿ ‘ಹೆಯರ್ಗಿ’ ಆಗಿ, ಬೀಜ ಒಡೆಸಿ ಬಂಡಿಗೆ ಪಳಗಿಸಿದ ಹಿಮಸಾರಂಗಕ್ಕೆ ಹೆಸರಾಯಿತು.

ನನ್ನನ್ನು ಹೆಚ್ಚು ಕಾಡುವುದು ಮೂರನೆಯ ಬಗೆ. ಸಾಮಿ ಭಾಷೆಯ ಪೂರ್ವರೂಪ ದಕ್ಷಿಣದಿಂದ ಆ ನಾಡಿಗೆ ಬಂದಾಗ ಅಲ್ಲಿ ಬೇರೆ ಜನ, ಬೇರೆ ಮಾತು ಇತ್ತು. ಆ ಮಾತು ಅಳಿದುಹೋಯಿತು. ಒಂದು ಸಾಲು ಬರಹವೂ ಉಳಿಯಲಿಲ್ಲ. ಆದರೆ ಸಾಮಿಯಲ್ಲಿ ನೆಲದ ಏರಿಳಿತಕ್ಕೆ, ಉತ್ತರದ ಪ್ರಾಣಿಗಳಿಗೆ ಇರುವ ಎಷ್ಟೋ ಪದಗಳಿಗೆ, ಊರು ಕೆರೆಗಳ ಹೆಸರುಗಳಿಗೆ ಯಾವ ನಂಟಿನ ಭಾಷೆಯಲ್ಲೂ ಬೇರು ಸಿಗುವುದಿಲ್ಲ. ಅವು ಆ ಕಾಣೆಯಾದ ಜನರ ಮಾತುಗಳು ಎಂದು ತೋರಿಸಿಕೊಟ್ಟವರಲ್ಲಿ ಭಾಷಾವಿಜ್ಞಾನಿ ಆಂತೆ ಐಕಿಯೊ ಪ್ರಮುಖರು. ಅವರು ಸ್ವತಃ ಸಾಮಿ. ಹೆಸರೇ ಉಳಿಯದ ಒಂದು ಜನಾಂಗ ಇಂದಿಗೂ ಹಿಮಸಾರಂಗ ಕಾಯುವ ಸಾಮಿಗಳ ಬಾಯಲ್ಲಿ ಉಸಿರಾಡುತ್ತಿದೆ.

ಹೊಸ ಪದಗಳೂ ಹುಟ್ಟುತ್ತಿವೆ. ‘ದಿಯೆಹ್ತಿತ್’ ಎಂದರೆ ತಿಳಿದಿರುವುದು. ಅದರಿಂದ ಕಂಪ್ಯೂಟರಿಗೆ ‘ದಿಹ್ತೋರ್’. ಹಾರುವುದಕ್ಕೆ ‘ಗಿರ್ದಿತ್’, ವಿಮಾನ ‘ಗಿರ್ದಿ’. ಶಾಲೆಗಳಲ್ಲಿ ಸಾಮಿಯನ್ನು ದಶಕಗಳ ಕಾಲ ಹತ್ತಿಕ್ಕಲಾಗಿತ್ತು. ಮೂರು ದೇಶಗಳ ಉತ್ತರ ಸಾಮಿಗಳಿಗೆ ಒಂದೇ ಬರವಣಿಗೆ ಬಳಕೆಗೆ ಬಂದದ್ದು 1979ರಲ್ಲಿ.

ಸಾಮಿಯಲ್ಲಿ ಹಿಮಕ್ಕೆ ನೂರಾರು ಪದಗಳಿವೆ ಎಂಬ ಮಾತನ್ನು ನೀವು ಕೇಳಿರಬಹುದು. ಎಣಿಕೆ ಬಿಡಿ, ಒಂದನ್ನು ಹತ್ತಿರದಿಂದ ನೋಡೋಣ. ವಸಂತದಲ್ಲಿ ಹಗಲಿನ ಬಿಸಿಲಿಗೆ ಹಿಮದ ಮೇಲ್ಮೈ ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಜನರ ಭಾರವನ್ನೂ ಜಾರುಬಂಡಿಯ ಭಾರವನ್ನೂ ತಾಳುವ ಆ ಗಟ್ಟಿ ಹೊದಿಕೆ ‘ತ್ಸುವೊಙು’. ಏಪ್ರಿಲ್ ತಿಂಗಳಿಗೆ ಅದರದೇ ಹೆಸರು. ಮುಂದಿನದು ‘ಮಿಯೆಸ್ಸೆಮಾನ್ನು’, ಹಿಮಸಾರಂಗದ ಕರುವಿನ ತಿಂಗಳು.