ಉಗ್ರಾಣದಿಂದ ಕೊಟ್ಟಿಗೆಯವರೆಗೆ: ಜಾನುವಾರು ಲಸಿಕೆಯ ಜೋಪಾನ

ಕೇಳುಗರಿಗೆ ನಮಸ್ಕಾರ.

ಹಾಲು ಕೆಟ್ಟರೆ ಒಡೆಯುತ್ತದೆ, ಹಿಟ್ಟು ಕೆಟ್ಟರೆ ಮುಗ್ಗಲು ವಾಸನೆ ಬರುತ್ತದೆ. ಜಾನುವಾರುಗಳ ಲಸಿಕೆ ಕೆಟ್ಟರೆ ಬಹಳಷ್ಟು ಸಲ ಯಾವ ಗುರುತೂ ಸಿಗುವುದಿಲ್ಲ. ಬಾಟಲಿಯ ಚೀಟಿ, ಮುಚ್ಚಳ, ಒಳಗಿನ ದ್ರವ ಎಲ್ಲವೂ ಮೊದಲಿದ್ದ ಹಾಗೆಯೇ ಕಾಣುತ್ತವೆ. ಚುಚ್ಚುವವರು ಚುಚ್ಚುತ್ತಾರೆ, ದನದ ಕಿವಿಯ ಓಲೆಯಲ್ಲಿರುವ 12 ಅಂಕಿಗಳ ಎದುರಿಗೆ ಲಸಿಕೆ ಆಯಿತೆಂದು ದಾಖಲೂ ಆಗುತ್ತದೆ. ಅದು ಕೆಟ್ಟಿತ್ತೆಂಬ ಅನುಮಾನ ಹುಟ್ಟುವುದು ಎರಡು ಮೂರು ತಿಂಗಳ ಮೇಲೆ, ಅದೇ ಕೊಟ್ಟಿಗೆಯ ಎತ್ತು ಜೊಲ್ಲು ಸುರಿಸುತ್ತ, ಕಾಲೂರಲಾರದೆ ನಿಂತಾಗ. ಈ ಹೊತ್ತಿನ ನನ್ನ ಮಾತು ಲಸಿಕೆಯು ಉಗ್ರಾಣ ಬಿಟ್ಟು ದನದ ಮೈ ಸೇರುವವರೆಗಿನ ಆ ದಾರಿಯನ್ನು ಕುರಿತದ್ದು.

ಪಶು ವೈದ್ಯನಾಗಿ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನಾನು ವಿಜಯಪುರ ಜಿಲ್ಲೆಯ ಒಂದು ಚಿಕ್ಕ ಚಿಕಿತ್ಸಾಲಯದಲ್ಲಿದ್ದೆ. ಮೇ ತಿಂಗಳ ಬಿಸಿಲಿಗೆ ಅಂಜಿ, ಗಳಲೆ ರೋಗದ ಲಸಿಕೆಯ ಬಾಟಲಿಗಳನ್ನು ಫ್ರಿಜ್ಜಿನ ಮೇಲ್ಭಾಗದಲ್ಲಿ, ಮಂಜುಗಡ್ಡೆಯ ಖಾನೆಗೆ ತಾಗುವಂತೆ ಇಟ್ಟೆ. ತಂಪು ಹೆಚ್ಚಾದಷ್ಟೂ ಲಸಿಕೆಗೆ ಒಳ್ಳೆಯದೆಂದು ನಾನು ಆಗ ನಂಬಿದ್ದೆ. ಮರುದಿನ ನೋಡಿದರೆ ಬಾಟಲಿಗಳು ಕಲ್ಲಿನಂತೆ ಗಡ್ಡೆ ಕಟ್ಟಿದ್ದವು. ಅವನ್ನು ಕರಗಿಸಿ, ಚೆನ್ನಾಗಿ ಕುಲುಕಿ, ಒಂದು ಊರಿನ ಎಮ್ಮೆಗಳಿಗೆ ಹಾಕಿಬಂದೆ. ಮೊದಲ ಮಳೆಗಳು ಬಿದ್ದ ಮೇಲೆ ಆ ಊರಿನಲ್ಲಿ ಎಮ್ಮೆಗಳ ಗಂಟಲು ಬಾತು, ಉಸಿರು ಕಟ್ಟಿ, ಒಂದೆರಡು ದಿನಗಳಲ್ಲೇ ಸತ್ತವು. ಆ ಬಾಟಲಿಗಳೇ ಕಾರಣವೆಂದು ಸಾಬೀತು ಮಾಡುವ ಪರೀಕ್ಷೆ ಯಾವುದೂ ನಡೆಯಲಿಲ್ಲ. ಆದರೆ ಲಸಿಕೆ ಹಾಕಿದ ಕೈ ನನ್ನದು, ಹಾಲು ಮಾರಿ ಸಂಸಾರ ನಡೆಸುತ್ತಿದ್ದ ಆ ಮನೆಗಳ ಹೆಣ್ಣುಮಕ್ಕಳು ನನ್ನ ಮುಖ ನೋಡಿದ್ದು ಇಂದಿಗೂ ನೆನಪಿದೆ.

ಗಡ್ಡೆ ಕಟ್ಟಿದರೆ ಆಗುವ ಕೇಡೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಳಲೆ ರೋಗ, ಚಪ್ಪೆ ಬೇನೆ, ಕುರಿಗಳ ಕರುಳು ಬೇನೆ, ಕಾಲುಬಾಯಿ ಬೇನೆ, ನಾಯಿಗಳ ಹುಚ್ಚುರೋಗ ಇವುಗಳಿಗೆ ನಾವು ಸಾಮಾನ್ಯವಾಗಿ ಬಳಸುವ ಲಸಿಕೆಗಳಲ್ಲಿ ರೋಗಾಣು ಜೀವಂತವಾಗಿರುವುದಿಲ್ಲ. ಸತ್ತ ರೋಗಾಣುವನ್ನು, ಅಥವಾ ನಂಜು ತೆಗೆದ ಅದರ ವಿಷಾಂಶವನ್ನು, ಪಟಿಕದಂಥ ಅಲ್ಯುಮಿನಿಯಂ ಲವಣದೊಂದಿಗೋ ಎಣ್ಣೆಯೊಂದಿಗೋ ಬೆರೆಸಿರುತ್ತಾರೆ. ಅದು ಮೈಯಲ್ಲಿ ಮೆಲ್ಲಮೆಲ್ಲಗೆ ಬಿಡುಗಡೆಯಾಗಿ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸಲಿ ಎಂಬುದು ಇದರ ಉದ್ದೇಶ. ಹೆಪ್ಪುಗಟ್ಟಿದಾಗ ಲವಣದ ನುಣ್ಣನೆಯ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ, ಎಣ್ಣೆಯ ಲಸಿಕೆಯಾದರೆ ಎಣ್ಣೆ ಮತ್ತು ನೀರು ಬೇರೆಬೇರೆಯಾಗುತ್ತವೆ. ಅದನ್ನು ಎಷ್ಟು ಕುಲುಕಿದರೂ ಮೊದಲಿನ ಸ್ಥಿತಿಗೆ ತರಲಾಗುವುದಿಲ್ಲ. ಲವಣ ಬೆರೆತ ಲಸಿಕೆಯ ಬಗ್ಗೆ ಅನುಮಾನ ಬಂದರೆ ಒಂದು ಸುಲಭ ಪರೀಕ್ಷೆಯಿದೆ. ಅದೇ ತಯಾರಿಕೆಯ, ಹೆಪ್ಪುಗಟ್ಟಿಲ್ಲವೆಂದು ಖಾತ್ರಿಯಿರುವ ಇನ್ನೊಂದು ಬಾಟಲಿಯ ಜೊತೆಗೆ ಅನುಮಾನದ ಬಾಟಲಿಯನ್ನೂ ಕುಲುಕಿ, ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಅರ್ಧ ಗಂಟೆ ನೋಡಬೇಕು. ಹೆಪ್ಪುಗಟ್ಟಿದ್ದ ಬಾಟಲಿಯಲ್ಲಿ ಗಸಿ ಬೇಗ ತಳಕ್ಕೆ ಕೂತು ಮೇಲಿನ ನೀರು ತಿಳಿಯಾಗುತ್ತದೆ. ಹಾಗಾದರೆ ಆ ಬಾಟಲಿ ಎಷ್ಟೇ ಬೆಲೆಯದ್ದಾಗಿರಲಿ, ಅದನ್ನು ಯಾವ ದನಕ್ಕೂ ಹಾಕಬಾರದು.

ಬಿಸಿಯ ಕೇಡು ಇನ್ನೊಂದು ಬಗೆಯದು. ಕಾಲುಬಾಯಿ ಬೇನೆಯ ಲಸಿಕೆಯಲ್ಲಿ ರಕ್ಷಣೆ ಕೊಡುವುದು ವೈರಾಣುವಿನ ಇಡಿಯ ಕಣ. ವಿಜ್ಞಾನಿಗಳು ಅದನ್ನು 146ಎಸ್ ಎಂದು ಕರೆಯುತ್ತಾರೆ. ಬಿಸಿ ತಗಲಿದರೆ ಈ ಕಣ ಒಡೆದು ಚೂರಾಗುತ್ತದೆ. ಚೂರುಗಳು ಬಾಟಲಿಯಲ್ಲೇ ಉಳಿದರೂ ತಕ್ಕ ರಕ್ಷಣೆಯನ್ನು ಹುಟ್ಟಿಸಲಾರವು, ಮತ್ತೆ ತಂಪಿನಲ್ಲಿಟ್ಟರೆ ಅವು ಕೂಡಿಕೊಳ್ಳುವುದೂ ಇಲ್ಲ. ನಿನ್ನೆ ಒಂದು ಗಂಟೆ, ಇಂದು ಒಂದು ಗಂಟೆ ಬಿಸಿಲಿಗೆ ಬಿದ್ದ ಕೇಡು ಕೂಡುತ್ತ ಹೋಗುತ್ತದೆಯೇ ಹೊರತು ಅಳಿಯುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದ ಪ್ರಕಾರ ಆರು ತಿಂಗಳಿಗೊಮ್ಮೆ ಈ ಲಸಿಕೆಯನ್ನು ಹಾಕಲಾಗುತ್ತದೆ. ನಮ್ಮ ಭಾಗಕ್ಕೆ ಇದು ಎಷ್ಟು ಮುಖ್ಯವೆಂಬುದನ್ನು ಕಬ್ಬಿನ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳ ಮುಂದೆ ನಿಂತ ಗಾಡಿಗಳ ಸಾಲು ನೋಡಿದವರು ಬಲ್ಲರು. ಊರೂರಿನ ಎತ್ತುಗಳು ಅಲ್ಲಿ ಒಂದೇ ತೊಟ್ಟಿಯಲ್ಲಿ ನೀರು ಕುಡಿಯುತ್ತವೆ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಖಿಲಾರಿ ಎತ್ತುಗಳು ಕೈಯಿಂದ ಕೈಗೆ ಮಾರಾಟವಾಗುತ್ತವೆ. ಒಂದು ಎತ್ತಿನ ಜೊಲ್ಲಿನಿಂದ ಬೇನೆ ಹತ್ತಾರು ಹಳ್ಳಿಗಳನ್ನು ಮುಟ್ಟಬಹುದು.

ಆದುದರಿಂದ ಹೆಚ್ಚಿನ ಲಸಿಕೆಗಳಿಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವಿನ ತಂಪು ಬೇಕು. ಅದಕ್ಕಿಂತ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಆಸ್ಪತ್ರೆಗಳಲ್ಲಿ ಐ.ಎಲ್.ಆರ್. ಎಂದು ಕರೆಯುವ, ಮೇಲಿನಿಂದ ಮುಚ್ಚಳ ತೆರೆಯುವ ಶೀತಕಪೆಟ್ಟಿಗೆ ಇದಕ್ಕೆ ತಕ್ಕದ್ದು. ದಿನದ 24 ಗಂಟೆಗಳಲ್ಲಿ 8 ಗಂಟೆ ವಿದ್ಯುತ್ ಸಿಕ್ಕರೂ ಅದು ತಂಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರಲ್ಲಿ ಅತಿ ತಣ್ಣಗಿರುವ ಜಾಗ ತಳ. ಹೆಪ್ಪುಗಟ್ಟಬಾರದ ಬಾಟಲಿಗಳನ್ನು ತಳಕ್ಕೆ ತಾಗಿಸದೆ ಬುಟ್ಟಿಯಲ್ಲಿಡಬೇಕು. ಮನೆಬಳಕೆಯ ಫ್ರಿಜ್ಜಿನಲ್ಲಿ ಇದಕ್ಕೆ ವಿರುದ್ಧವಾಗಿ ಮೇಲಿನ ಮಂಜಿನ ಖಾನೆಯ ಪಕ್ಕವೇ ಅಪಾಯದ ಜಾಗ. ಮಧ್ಯದ ತಟ್ಟೆಗಳು ಒಳ್ಳೆಯವು. ಬಾಗಿಲಿನ ಸಂದುಗಳು ತೆರೆದಾಗಲೆಲ್ಲ ಬಿಸಿಗಾಳಿಗೆ ಸಿಕ್ಕುವುದರಿಂದ ಅಲ್ಲಿ ಲಸಿಕೆ ಬೇಡ. ಕೆಳಗಿನ ತರಕಾರಿ ಖಾನೆಯಲ್ಲಿ ನೀರು ತುಂಬಿದ ಬಾಟಲಿಗಳನ್ನಿಟ್ಟರೆ ವಿದ್ಯುತ್ ಹೋದಾಗ ತಂಪು ಬೇಗ ಇಳಿಯುವುದಿಲ್ಲ. ಒಳಗೆ ಒಂದು ತಾಪಮಾಪಕವಿರಲಿ. ಬೆಳಿಗ್ಗೆ ಮತ್ತು ಸಂಜೆ, ರಜೆಯ ದಿನವೂ ಸೇರಿ, ಅದನ್ನು ನೋಡಿ ವಹಿಯಲ್ಲಿ ಬರೆಯಬೇಕು. ಒಂದು ವಾರದ ಅಂಕಿಗಳನ್ನು ಒಂದೇ ದಿನ ಕೂತು ತುಂಬಿಸಿದ ವಹಿ ಖಾಲಿ ವಹಿಗಿಂತ ಕೆಟ್ಟದ್ದು. ಅದು ನಂಬುವವರನ್ನು ದಾರಿ ತಪ್ಪಿಸುತ್ತದೆ.

ಕಷ್ಟವಿರುವುದು ಸಾಗಣೆಯಲ್ಲಿ. ಗಳಲೆ ರೋಗ, ಚಪ್ಪೆ ಬೇನೆ, ಕರುಳು ಬೇನೆಯ ಲಸಿಕೆಗಳು ಮಿರಗದ ಮಳೆ ಬೀಳುವ ಮುಂಚೆಯೇ ಆಗಬೇಕು, ಎಂದರೆ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುವ ವಾರಗಳಲ್ಲೇ ಅವನ್ನು ಹಳ್ಳಿಗೆ ಒಯ್ಯಬೇಕು. ಲಸಿಕೆಯ ಪೆಟ್ಟಿಗೆಗೆ ಹಾಕುವ ಐಸ್ ಪ್ಯಾಕುಗಳನ್ನು ಫ್ರೀಜರಿನಿಂದ ತೆಗೆದ ಕೂಡಲೇ ತುಂಬಬೇಡಿ. ಅವುಗಳ ಮೈ ಆಗ ಶೂನ್ಯಕ್ಕಿಂತ ಕೆಳಗಿನ ತಣಿವಿನಲ್ಲಿರುತ್ತದೆ, ತಾಗಿದ ಬಾಟಲಿ ಬೇಸಿಗೆಯಲ್ಲೂ ಹೆಪ್ಪುಗಟ್ಟುತ್ತದೆ. ಸ್ವಲ್ಪ ಹೊತ್ತು ಹೊರಗಿಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಿಸಿದರೆ ಅದು ತುಂಬಲು ಹದವಾಗಿದೆ ಎಂದರ್ಥ. ಬಾಟಲಿಗಳ ಸುತ್ತ ಕಾಗದ ಸುತ್ತಿ ಪ್ಯಾಕುಗಳಿಂದ ಬೇರ್ಪಡಿಸಿ. ಪೆಟ್ಟಿಗೆಯನ್ನು ಜೀಪಿನ ಗಾಜಿನ ಹಿಂದೆಯಾಗಲಿ, ಬೈಕಿನ ಬಿಸಿಯಾದ ಟ್ಯಾಂಕಿನ ಮೇಲಾಗಲಿ ಇಡದೆ ನೆರಳಿನಲ್ಲಿಡಿ. ಮುಚ್ಚಿ ನಿಲ್ಲಿಸಿದ ವಾಹನದೊಳಗೆ ಹೊರಗಿನ ಬಿಸಿಲಿಗಿಂತ ಹೆಚ್ಚು ಕಾವು ಸೇರಿಕೊಳ್ಳುತ್ತದೆ ಎಂಬುದನ್ನು ಊಟಕ್ಕೆ ಇಳಿಯುವಾಗ ನೆನಪಿಡಬೇಕು.

ಆಡು ಕುರಿಗಳ ಹಿರೇಬೇನೆ, ಎಂದರೆ ಪಿ.ಪಿ.ಆರ್. ಲಸಿಕೆಯ ಲೆಕ್ಕ ಬೇರೆ. ಇದರಲ್ಲಿ ದುರ್ಬಲಗೊಳಿಸಿದ ಜೀವಂತ ವೈರಾಣು ಒಣಪುಡಿಯ ರೂಪದಲ್ಲಿರುತ್ತದೆ. ಪುಡಿಗೆ ಹೆಪ್ಪುಗಟ್ಟುವುದರಿಂದ ತೊಂದರೆಯಿಲ್ಲ, ಜೊತೆಗೆ ಬರುವ ಕರಗಿಸುವ ದ್ರವವನ್ನು ಮಾತ್ರ ಹೆಪ್ಪುಗಟ್ಟಿಸಬಾರದು. ಆ ದ್ರವವನ್ನು ಮೊದಲೇ ತಂಪು ಮಾಡಿಟ್ಟುಕೊಳ್ಳಬೇಕು, ಬಿಸಿ ದ್ರವಕ್ಕೆ ಪುಡಿ ಬಿದ್ದರೆ ವೈರಾಣು ಅಲ್ಲೇ ಸಾಯುತ್ತದೆ. ಬೆರೆಸಿದ ಮೇಲೆ ಐಸಿನ ಮೇಲಿಟ್ಟುಕೊಂಡು ಎರಡು ಗಂಟೆಯೊಳಗೆ ಮುಗಿಸಿ. ಉಳಿದದ್ದು ನಾಳೆಗೆ ಬರುವುದಿಲ್ಲ. ಈ ಲಸಿಕೆ ತುಂಬುವ ಸಿರಿಂಜನ್ನು ಸ್ಪಿರಿಟಿನಿಂದ ಒರೆಸುವ ಅಭ್ಯಾಸ ಕೆಲವರಿಗಿದೆ. ರೋಗಾಣುವನ್ನು ಕೊಲ್ಲುವ ಸ್ಪಿರಿಟ್ ಲಸಿಕೆಯ ವೈರಾಣುವನ್ನೂ ಕೊಲ್ಲುತ್ತದೆ. ಕುದಿಸಿ ಆರಿಸಿದ ಸಿರಿಂಜು, ಇಲ್ಲವೇ ಹೊಸದು ಸಾಕು. ಕುರಿಗಾರರು ಬೆಳಗಿನ ಜಾವ ಮಂದೆಯನ್ನು ದಡ್ಡಿಯಿಂದ ಬಿಡುವ ಮೊದಲೇ ಕೆಲಸ ಮುಗಿಸಿದರೆ ಬಿಸಿಲೂ ತಪ್ಪುತ್ತದೆ, ಕುರಿ ಹುಡುಕುವ ಅಲೆದಾಟವೂ ತಪ್ಪುತ್ತದೆ.

ಕಂದು ರೋಗ, ಎಂದರೆ ಬ್ರುಸೆಲ್ಲಾ ಲಸಿಕೆಯಲ್ಲಿ ಕಾಯಬೇಕಾದದ್ದು ಚುಚ್ಚುವವರ ಕೈಯನ್ನು. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ ಹಾಕುವ ಇದರಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತದೆ. ಸೂಜಿ ಕೈಗೆ ಚುಚ್ಚಿದರೆ, ಹನಿ ಕಣ್ಣಿಗೆ ಸಿಡಿದರೆ, ಮನುಷ್ಯರಿಗೆ ವಾರಗಟ್ಟಲೆ ಬಿಡದ ಜ್ವರ, ಕೀಲು ನೋವು ಬರಬಹುದು. ಕೈಗವಸು ಮತ್ತು ಕನ್ನಡಕವಿಲ್ಲದೆ ಈ ಬಾಟಲಿಯನ್ನು ತೆರೆಯಕೂಡದು. ಚುಚ್ಚಿಕೊಂಡರೆ ಅಂದೇ ಮನುಷ್ಯರ ಆಸ್ಪತ್ರೆಗೆ ಹೋಗಿ ಯಾವ ಲಸಿಕೆಯೆಂದು ಸ್ಪಷ್ಟವಾಗಿ ತಿಳಿಸಬೇಕು.

ರೈತ ಬಾಂಧವರಲ್ಲಿಯೂ ನನ್ನದೊಂದು ಕೋರಿಕೆಯಿದೆ. ಲಸಿಕೆಯವರು ಬರುವ ದಿನ ದನಗಳನ್ನು ಒಂದೇ ಕಡೆ, ಬೇವಿನ ನೆರಳಲ್ಲೋ ಛಾವಣಿಯ ಕೆಳಗೋ ಕಟ್ಟಿ ಸಿದ್ಧವಾಗಿಡಿ. ಒಂದೊಂದು ದನಕ್ಕಾಗಿ ಕಾಯುತ್ತ ಕೂತಷ್ಟೂ ಪೆಟ್ಟಿಗೆಯ ಮುಚ್ಚಳ ಹೆಚ್ಚು ಸಲ ತೆರೆಯುತ್ತದೆ. ಬಾಟಲಿಯನ್ನು ಎಲ್ಲಿಂದ ತೆಗೆದಿರಿ, ಅವಧಿ ಯಾವಾಗ ಮುಗಿಯುತ್ತದೆ ಎಂದು ಅವರನ್ನು ಕೇಳುವ ಹಕ್ಕು ನಿಮಗಿದೆ. ಕೇಳಿದರೆ ಒಳ್ಳೆಯ ಕೆಲಸಗಾರ ಬೇಸರಿಸುವುದಿಲ್ಲ. ಖಾಲಿ ಬಾಟಲಿ, ಸೂಜಿಗಳನ್ನು ತಿಪ್ಪೆಗೆ ಎಸೆಯದಂತೆ ನೋಡಿಕೊಳ್ಳಿ. ತಿಪ್ಪೆಯ ಗೊಬ್ಬರ ನಾಳೆ ಹೊಲಕ್ಕೆ ಹೋಗುತ್ತದೆ, ಆ ಹೊಲದಲ್ಲಿ ಬರಿಗಾಲಿನ ಮಕ್ಕಳು ಓಡಾಡುತ್ತಾರೆ. ಲಸಿಕೆ ತಂದವರೇ ಅವನ್ನು ಎಣಿಸಿ ಆಸ್ಪತ್ರೆಗೆ ಮರಳಿ ಒಯ್ಯಬೇಕು.

ನಮಸ್ಕಾರ.