ನಮ್ಮ ಕಾಫಿ ಇಟಲಿಗೆ ಹೋದ್ರೆ ಯಾರ ಕಾನೂನು?

[ಕ್ಯೂರಿಂಗ್ ವರ್ಕ್ಸ್ ಅಂಗಳ. ಕಾಫಿ ಮೂಟೆಗಳ ಸಾಲು.]

ನಮಸ್ಕಾರ. ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಕಾಫಿ ಬೀಜ ಹದಮಾಡುವ ಕಾರ್ಖಾನೆಯಲ್ಲಿದ್ದೇನೆ. ಈ ಮೂಟೆ ನೋಡಿ, 60 ಕೆಜಿ. ಬಾಯಿಗೆ ಹೊಲಿಗೆ ಬಿದ್ದಿದೆ. ಹೋಗುವುದು ಇಟಲಿಗೆ. ಭಾರತದ ಕಾಫಿಯನ್ನು ಎಲ್ಲರಿಗಿಂತ ಜಾಸ್ತಿ ಕೊಳ್ಳುವ ದೇಶ ಅದೇ.

ಸಕಲೇಶಪುರದ ವೀಕ್ಷಕರೊಬ್ಬರು ಕೇಳಿದ್ದರು: "ಅಣ್ಣಾ, ಅಲ್ಲಿ ಹೋದ ಮೇಲೆ ತಕರಾರು ಬಂದ್ರೆ ಯಾರ ಕಾನೂನು? ನಮ್ದಾ, ಅವರ್ದಾ?" ಈ ಪ್ರಶ್ನೆ ನನ್ನ ತಲೆಯಿಂದ ಇಳಿಯಲೇ ಇಲ್ಲ.

ಪೀಠಿಕೆ ಬೇಗ ಮುಗಿಸುತ್ತೇನೆ. ಒಂದೊಂದು ದೇಶಕ್ಕೆ ಒಂದೊಂದು ವ್ಯಾಪಾರ ಕಾನೂನು ಇದ್ದರೆ ಕಷ್ಟ. ಅದಕ್ಕೇ 1966ರಲ್ಲಿ ವಿಶ್ವಸಂಸ್ಥೆ ಅನ್‌ಸಿಟ್ರಾಲ್ ಎಂಬ ಆಯೋಗ ಮಾಡಿತು. ಭಾರತ ಅದರಲ್ಲಿ ಶುರುವಿನಿಂದಲೂ ಇದೆ. ಆ ಆಯೋಗ ಸಿದ್ಧಪಡಿಸಿದ ಸರಕು ಮಾರಾಟ ಒಪ್ಪಂದ 1980ರಲ್ಲಿ ವಿಯೆನ್ನಾದಲ್ಲಿ ಅಂಗೀಕಾರವಾಯಿತು. ಇವತ್ತು 90ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಇಟಲಿ ಇದೆ. ಭಾರತ ಇಲ್ಲ.

ನನಗೆ ಅಚ್ಚರಿಯಾಗಿದ್ದು ಇಲ್ಲಿ. ನೀವು ಇಟಲಿಯವರಿಗೆ ಬರೆಯುತ್ತೀರಿ: "ಈ ರೇಟು, ಶುಕ್ರವಾರದವರೆಗೆ ಇರುತ್ತೆ." ಬುಧವಾರ ಮಾರುಕಟ್ಟೆ ಏರಿತು. ಅವರಿನ್ನೂ ಒಪ್ಪಿಲ್ಲ. ಮಾತು ವಾಪಸ್ ತಗೋಬಹುದಾ?

ನಮ್ಮ 1872ರ ಕರಾರು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ತಗೋಬಹುದು. ಎದುರಿನವರು ಒಪ್ಪಿ ಉತ್ತರ ಕಳಿಸುವ ಮುಂಚೆ ತಿಳಿಸಿದರೆ ಆಯಿತು. ಶುಕ್ರವಾರದವರೆಗೆ ಕಾಯಲು ಅವರು ನಿಮಗೆ ಬೇರೆ ಏನೂ ಕೊಟ್ಟಿಲ್ಲವಲ್ಲ. ವಿಯೆನ್ನಾ ಒಪ್ಪಂದದ 16ನೇ ವಿಧಿ ಹಾಗಲ್ಲ. ಶುಕ್ರವಾರ ಅಂದ ಮೇಲೆ ಶುಕ್ರವಾರವೇ. ಕೊಟ್ಟ ಮಾತಿಗೆ ಕಟ್ಟುಬೀಳಬೇಕು. ಅದೇ ಕಾಫಿ, ಅದೇ ಸಂದೇಶ, ಉತ್ತರ ಮಾತ್ರ ಎರಡು! ನಮ್ಮ ಸಂತೆಯಲ್ಲಿ "ಸಂಜೆವರೆಗೂ ಇದೇ ರೇಟು" ಅಂದವರು ಮಧ್ಯಾಹ್ನ ಬದಲಿಸಿದರೆ ಜನ ಸುಮ್ನೆ ಬಿಡುತ್ತಾರಾ? ವಿಯೆನ್ನಾದ ನಿಯಮ ನಮ್ಮ ಸಂತೆಯ ನಡವಳಿಕೆಗೇ ಹತ್ತಿರ ಅನಿಸುತ್ತದೆ ನನಗೆ.

ಭಾರತ ಸೇರಿಲ್ಲ, ಹಾಗಾದರೆ ನಮಗೇನು ಅಂತೀರಾ? ಕರಾರಿನಲ್ಲಿ "ಇಟಲಿ ಕಾನೂನು" ಅಂತ ಒಂದು ಸಾಲಿದ್ದು, ವ್ಯಾಜ್ಯ ಇಟಲಿ ಕೋರ್ಟಿಗೆ ಹೋದರೆ, ವಿಯೆನ್ನಾ ಒಪ್ಪಂದವೂ ಜೊತೆಗೇ ಬರುತ್ತದೆ. ಅದು ಇಟಲಿ ಕಾನೂನಿನ ಭಾಗ. ಬೇಡ ಎಂದಿದ್ದರೆ ಮೊದಲೇ ಬರೆದಿರಬೇಕು.

ಇನ್ನೊಂದು ಮಾತು. ಕಾಫಿಯಲ್ಲಿ ನಮ್ಮ ಪೈಪೋಟಿ ಯಾರ ಜೊತೆ? ಬ್ರೆಜಿಲ್, ವಿಯೆಟ್ನಾಂ. ಈ ಒಪ್ಪಂದ ಬ್ರೆಜಿಲ್‌ನಲ್ಲಿ 2014ರಿಂದ, ವಿಯೆಟ್ನಾಂನಲ್ಲಿ 2017ರಿಂದ ಜಾರಿಯಲ್ಲಿದೆ. ಅವರ ಜೊತೆ ವ್ಯವಹರಿಸುವಾಗ ಇಟಲಿಯವರಿಗೆ ನಿಯಮ ಗೊತ್ತಿದ್ದದ್ದೇ. ನಮ್ಮ ಜೊತೆ ಅಂದರೆ ಕಾನೂನಿನಿಂದಲೇ ಮಾತು ಶುರು.

ಟೈಮ್ ಆಗ್ತಾ ಬಂತು, ಉಳಿದದ್ದು ಒಟ್ಟಿಗೆ ಹೇಳುತ್ತೇನೆ. ಭಾರತ ಎಲ್ಲದರಿಂದ ದೂರ ಉಳಿದಿಲ್ಲ. ವಿದೇಶಿ ಮಧ್ಯಸ್ಥಿಕೆ ತೀರ್ಪುಗಳನ್ನು, ಅಂದರೆ ಕೋರ್ಟಿನ ಹೊರಗೆ ಮಧ್ಯಸ್ಥರು ಕೊಟ್ಟ ತೀರ್ಪುಗಳನ್ನು, ಜಾರಿ ಮಾಡುವ 1958ರ ನ್ಯೂಯಾರ್ಕ್ ಒಪ್ಪಂದದಲ್ಲಿ ನಾವಿದ್ದೇವೆ. 1996ರ ಮಧ್ಯಸ್ಥಿಕೆ ಕಾಯ್ದೆ, 2000ದ ಐಟಿ ಕಾಯ್ದೆ, ಎರಡಕ್ಕೂ ಅನ್‌ಸಿಟ್ರಾಲ್ ಬರೆದ ಮಾದರಿ ಕಾನೂನುಗಳೇ ಆಧಾರ. ಮಕ್ಕಳು ವಿದೇಶಕ್ಕೆ ಹೊರಟಾಗ ಸರ್ಟಿಫಿಕೇಟಿಗೆ ಅಪೋಸ್ಟಿಲ್, ಅಂದರೆ ವಿದೇಶದಲ್ಲೂ ನಂಬುವಂಥ ಸರ್ಕಾರಿ ದೃಢೀಕರಣ, ಮಾಡಿಸುತ್ತೀರಲ್ಲ, ಅದು ಹೇಗ್ ಒಪ್ಪಂದದ್ದು, ನಮ್ಮಲ್ಲಿ 2005ರಿಂದ ಇದೆ. ಜಗಳ ತೀರಿಸುವುದಕ್ಕೆ, ಕಾಗದ ನಂಬುವುದಕ್ಕೆ ಸೇರಿದ್ದೇವೆ. ಮಾರಾಟಕ್ಕೇ ಸೇರಿಲ್ಲ! ಇದು ಸರಿಯಾಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಲ್ಲಿಯವರೆಗೆ, ರಫ್ತು ಮಾಡುವ ಅಣ್ಣಂದಿರೇ, ಅಕ್ಕಂದಿರೇ, ರೇಟು ನೋಡಿದ ಮೇಲೆ ಕರಾರಿನ ಕೊನೆ ಪುಟಕ್ಕೆ ಹೋಗಿ. ಯಾವ ದೇಶದ ಕಾನೂನು ಎಂಬ ಆ ಒಂದು ಸಾಲು ಹುಡುಕಿ. ಸಹಿ ಆಮೇಲೆ ಹಾಕಿ.